ಆರ್ಡಿಸ್ ಮಲಗಿರಲಿ ಬಿಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೆಂಡೆಲ್ ಊರಿನ ಅಂಚಿನಲ್ಲಿ, ಸಹಕಾರಿ ಸಂಘದ ಧಾನ್ಯದ ಕಣಜದ ಬುಡಕ್ಕೆ ಅಂಟಿಕೊಂಡಂತಿರುವ ತಗಡಿನ ಶೆಡ್ಡಿನ ಬಾಗಿಲು ಕಿರುಗುಟ್ಟುತ್ತ ಮೇಲೇರುತ್ತದೆ. ಒಳಗೆ ಆರ್ಡಿಸ್ ವಾನರ್ ಆಂಬ್ಯುಲೆನ್ಸಿನ ಎಂಜಿನ್ ಚಾಲೂ ಮಾಡಿ, ಅದರ ಸದ್ದು ಕೇಳುತ್ತ ಕೂತಿದ್ದಾರೆ. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಎಂಜಿನ್ ಬಿಸಿಯಾದ ಮೇಲೆ ಇಳಿದು ಆಮ್ಲಜನಕದ ಸಿಲಿಂಡರಿನ ಮುಳ್ಳು ನೋಡುತ್ತಾರೆ, ಸ್ಟ್ರೆಚರಿನ ಪಟ್ಟಿಗಳನ್ನು ಎಳೆದು ಪರೀಕ್ಷಿಸುತ್ತಾರೆ, ಕಂಬಳಿ ಮಡಚಿಡುತ್ತಾರೆ. ಆಮೇಲೆ ಕಾಫಿ ಲೋಟ ಹಿಡಿದು ರಸ್ತೆಯ ಪಕ್ಕಕ್ಕೆ ಬಂದು ನಿಲ್ಲುತ್ತಾರೆ.

ಈ ಕೊನೆಯ ಕೆಲಸವನ್ನು ಮಾಡೆಂದು ಅವರಿಗೆ ಯಾರೂ ಹೇಳಿಲ್ಲ. ಹೋದ ವರ್ಷದ ಗೋಧಿ ಕೊಯ್ಲಿನವರೆಗೆ ಅವರೂ ಇದನ್ನು ಮಾಡುತ್ತಿರಲಿಲ್ಲ.

ಒಂದು ಪಿಕಪ್ ಗಾಡಿ ಬರುತ್ತದೆ. ಓಡಿಸುವವನು ಸ್ಟಿಯರಿಂಗ್ ಬಿಡದೆ ತೋರುಬೆರಳೊಂದನ್ನು ಮೇಲೆತ್ತುತ್ತಾನೆ. ಉತ್ತರ ಡಕೋಟಾದ ಈ ಕೆಟ್ಲರ್ ಕೌಂಟಿಯಲ್ಲಿ ಎದುರಾದವರಿಗೆಲ್ಲ ಹೀಗೆ ಬೆರಳೆತ್ತುವುದು ಉಸಿರಾಡಿದಷ್ಟೇ ಸಹಜ. ಎತ್ತದವನು ಒಂದೋ ಹೊರಗಿನವನು, ಇಲ್ಲವೇ ನಿಮ್ಮೊಂದಿಗೆ ಬೇಲಿಯ ಜಗಳ ಇರುವವನು. ಆರ್ಡಿಸ್ ಮಾತ್ರ ಮರಳಿ ಬೆರಳೆತ್ತುವುದಿಲ್ಲ. ಅಂಗೈ ಅಡ್ಡ ಹಿಡಿದು ಗಾಡಿ ನಿಲ್ಲಿಸುತ್ತಾರೆ.

"ಎಲ್ಲಿಗೆ ಹೊರಟೆ?"

"ಬೇರಿಂಗ್ ತರೋಕೆ, ತಾಯಿ. ನಿನ್ನೆನೂ ಕೇಳಿದ್ರಿ, ನಿನ್ನೆನೂ ಬೇರಿಂಗೇ."

"ಮುಖ ಬಿಳಿಚಿಕೊಂಡಿದೆಯಲ್ಲೋ."

"ನಮ್ಮಪ್ಪ ನಾರ್ವೆ ಕಡೆಯವ್ನು. ಹುಟ್ಟಿದಾಗಿಂದ ಹಿಂಗೇ ಇದ್ದೀನಿ."

ಆರ್ಡಿಸ್ ನಗುವುದಿಲ್ಲ. ಅವನ ಎರಡೂ ಕೈಗಳನ್ನು, ಹಣೆಯನ್ನು ನೋಡಿ, ಇನ್ನು ಹೋಗು ಎನ್ನುವಂತೆ ತಲೆಯಾಡಿಸುತ್ತಾರೆ.

ಅರವತ್ತನಾಲ್ಕು ವರ್ಷದ ಈ ಹೆಂಗಸು ಕೌಂಟಿಯಲ್ಲಿ ಉಳಿದಿರುವ ಒಂದೇ ಆಂಬ್ಯುಲೆನ್ಸಿನ ಸ್ವಯಂಸೇವಕಿ. ರೋಗಿಯ ಪಕ್ಕದಲ್ಲಿ ತರಬೇತಿ ಪಡೆದವರೊಬ್ಬರು, ಓಡಿಸುವವರೊಬ್ಬರು ಇಲ್ಲದೆ ಗಾಡಿ ಹೊರಡುವಂತಿಲ್ಲ. ಓಡಿಸುವ ಗೇಲನ್ ಟ್ವೆಟ್ ಈ ಅಕ್ಟೋಬರ್ ಕೊನೆಗೆ ಊರು ಬಿಡುತ್ತಿದ್ದಾರೆ. ಅವರ ಸೀಟಿಗೆ ಯಾರಾದರೂ ಬಂದರೆ ಸರಿ. ಬರದಿದ್ದರೆ ನವೆಂಬರ್ ಒಂದರಂದು ಶೆಡ್ಡಿಗೆ ಬೀಗ. ಹತ್ತಿರದ ಆಸ್ಪತ್ರೆ ಎಪ್ಪತ್ತು ಮೈಲಿ ದೂರ.

ಇಲ್ಲಿ ಬೀಗ ಹೊಸತಲ್ಲ. ಕೌಂಟಿಯಲ್ಲಿ ಒಂದು ಕಾಲಕ್ಕೆ ಎಂಟು ಊರುಗಳಿದ್ದವು, ಈಗ ಅಂಚೆ ಬರುವುದು ಎರಡಕ್ಕೆ. ದಕ್ಷಿಣದಲ್ಲಿ ರಷ್ಯಾದಿಂದ ಬಂದ ಜರ್ಮನರ ಮರಿಮಕ್ಕಳು, ಕ್ಯಾಥೊಲಿಕರು. ಉತ್ತರದಲ್ಲಿ ನಾರ್ವೆ ಮೂಲದ ಲುಥೆರನ್ನರು. ಹಂದಿ ಸಾಕಣೆಯ ಕೊಟ್ಟಿಗೆಗಳ ಪಕ್ಕದಲ್ಲಿ ಗ್ವಾಟೆಮಾಲಾದಿಂದ ಬಂದ ಕೆಲವು ಕುಟುಂಬಗಳಿವೆ. ಹನ್ನೆರಡು ತಾಸಿನ ಪಾಳಿ ಮುಗಿಸಿದವರಿಗೆ ಬೇರೆ ಕೆಲಸಕ್ಕೆ ಮೈಯಲ್ಲಿ ಕಸುವು ಉಳಿದಿರುವುದಿಲ್ಲ. ಉತ್ತರಕ್ಕೂ ದಕ್ಷಿಣಕ್ಕೂ ನೂರು ವರ್ಷದ ಮುಸುಕಿನ ಗುದ್ದಾಟ.

"ಅವರ ಸ್ಕೂಲು ಮುಚ್ಚಿದಾಗ ನಮ್ಮದು ಉಳೀತಲ್ಲ ಅಂತ ಒಳಗೊಳಗೇ ಹಿಗ್ಗಿದ್ವಿ. ಆಮೇಲೆ ನಮ್ಮದೂ ಮುಚ್ಚಿತು" ಎನ್ನುತ್ತಾರೆ ದಕ್ಷಿಣದವರಾದ ಆರ್ಡಿಸ್. "ಅವರ ಆಂಬ್ಯುಲೆನ್ಸ್ ನಿಂತಾಗಲೂ ಹಂಗೇ ಹಿಗ್ಗಿದ್ವಿ."

ಮೂವತ್ತೊಂದು ವರ್ಷದ ಹಿಂದೆ ಅವರು ಸೇರಿದಾಗ ತಂಡದಲ್ಲಿ ಇಪ್ಪತ್ತೆರಡು ಜನ. ಆಂಬ್ಯುಲೆನ್ಸಿನ ಗೋಡೆಗೂ ಸ್ಟ್ರೆಚರಿಗೂ ನಡುವಿನ ಸಂದಿಯಲ್ಲಿ ಹಿಡಿಸುವಷ್ಟು ತೆಳ್ಳಗಿದ್ದವರು ಇವರೊಬ್ಬರೇ ಎಂದು ಸೇರಿಸಿಕೊಂಡರಂತೆ. ಇವರಿಗೆ ಸಂಬಳ ಬರುವುದು ಪಕ್ಕದ ಕಣಜದ ತೂಕದ ಕೋಣೆಯಲ್ಲಿ ಧಾನ್ಯದ ಲಾರಿಗಳನ್ನು ತೂಗುವ ಕೆಲಸಕ್ಕೆ. ಸೊಂಟದ ಪೇಜರ್ ಕೂಗಿತೆಂದರೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ, ಯಾರೂ ತುಟಿಪಿಟಕ್ಕೆನ್ನುವುದಿಲ್ಲ. ಒಂದು ಸಲ ಹೋಗಿ ಬರುವುದೆಂದರೆ ಐದು ತಾಸಿನ ಕೆಲಸ. ಹೋದ ವರ್ಷ ಅಂಥ ತೊಂಬತ್ತು ಕರೆಗಳು.

"ತೊಂಬತ್ತು ಅಂದ್ರೆ ಕಮ್ಮಿ. ಇಷ್ಟು ವಯಸ್ಸಾದ ಜನಕ್ಕೆ ಇನ್ನೂರು ಬರಬೇಕಿತ್ತು. ಬರಲ್ಲ. ಕರೆಯೋದೇ ಇಲ್ಲ ಇವರು."

ಕರೆಯದಿರುವುದು ಇಲ್ಲಿಯ ಮರ್ಯಾದೆ. ಉತ್ತರದವರು ಕಾಲು ಮುರಿದರೂ 'ಒಂಚೂರು ಉಳುಕಿದೆ' ಎನ್ನುವವರು. ದಕ್ಷಿಣದವರು ಅಷ್ಟೂ ಹೇಳುವುದಿಲ್ಲ. ವಿಧಿಯಿಲ್ಲದೆ ಕರೆದವರು ಗುಣವಾಗಿ ಮನೆಗೆ ಬಂದ ಮೇಲೆ ಕುಗೆನ್ ಎಂಬ ಕೆನೆ ಹಾಕಿ ಬೇಯಿಸಿದ ಸಿಹಿಯನ್ನು ತಟ್ಟೆಯಲ್ಲಿ ಹಿಡಿದು ಶೆಡ್ಡಿಗೆ ಬರುತ್ತಾರೆ. ಕೊಡುವಾಗ ಆಡುವ ಮಾತು ಮಾತ್ರ ಕೃತಜ್ಞತೆಯದಲ್ಲ, ಕ್ಷಮೆಯದು: "ನಿನ್ನ ನಿದ್ದೆ ಕೆಡಿಸಿಬಿಟ್ವಲ್ಲಮ್ಮ." ತಂಡ ಕರಗುತ್ತ ಹೋದ ಹಾಗೆಲ್ಲ ಈ ಸಂಕೋಚ ಬೆಳೆಯಿತು. ಇಬ್ಬರೇ ಉಳಿದ ಮೇಲೆ ಕರೆಯುವುದೆಂದರೆ ಆರ್ಡಿಸಳನ್ನು ಹಾಸಿಗೆಯಿಂದ ಕೈಹಿಡಿದು ಎಳೆದಂತೆ ಎಂದು ಊರಿಗೆ ಊರೇ ತಿಳಿಯಿತು.

ಎಲ್ರಾಯ್ ಕೆಸೆಲ್ ಸತ್ತದ್ದು ಹೀಗೆ.

ಹೋದ ವರ್ಷ ಆಗಸ್ಟಿನ ಒಂದು ಬೆಳಿಗ್ಗೆ. ಹಿಂದಿನ ರಾತ್ರಿ ಆರ್ಡಿಸ್ ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದರು. ಸಂಘದ ಕಟ್ಟೆಯಲ್ಲಿ ಗಂಡಸರು ದಾಳ ಉರುಳಿಸುವಾಗ, ಸೋತವನು ಕಾಫಿ ಕುಡಿಸುವ ಆಟವದು, ಆ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಅಲ್ಲೇ ಇದ್ದ ಎಲ್ರಾಯ್ ಆಟದಲ್ಲಿ ಸೋತು, ಕಾಫಿ ಕುಡಿಸಿ, ಮನೆಗೆ ಹೋದವರೇ ಹೆಂಡತಿ ಮಾರ್ಸೆಲ್ಲಾಗೆ ಎದೆ ಹಿಡಿದ ಹಾಗಿದೆ ಎಂದರು.

"ಆಂಬ್ಯುಲೆನ್ಸಿಗೆ ಫೋನ್ ಮಾಡ್ತೀನಿ ಅಂದೆ" ಎನ್ನುತ್ತಾರೆ ಎಪ್ಪತ್ತೆರಡರ ಮಾರ್ಸೆಲ್ಲಾ. "'ರಾತ್ರಿಯೆಲ್ಲ ಓಡಾಡಿದ್ದಾಳೆ, ಆರ್ಡಿಸ್ ಮಲಗಿರಲಿ ಬಿಡು. ನಾನೇ ಆಸ್ಪತ್ರೆಗೆ ಹೋಗ್ತೀನಿ' ಅಂದ್ರು. ನಾನೂ ಬರ್ತೀನಿ ಅಂದೆ. 'ಕೊಯ್ಲಿನವರಿಗೆ ಬುತ್ತಿ ಯಾರು ಒಯ್ತಾರೆ' ಅಂದ್ರು. ನಾನು ಬುತ್ತಿ ಕಟ್ಟೋಕೆ ಕೂತೆ."

ಆರ್ಡಿಸ್ ಮಲಗಿರಲಿಲ್ಲ. ಶೆಡ್ಡಿನ ಮುಂದೆ ನಿಂತು ಆಂಬ್ಯುಲೆನ್ಸ್ ತೊಳೆಯುತ್ತಿದ್ದರು. ಎಲ್ರಾಯ್ ಪಿಕಪ್ ಎದುರಿಗೇ ಹಾದುಹೋಯಿತು. ಅವರು ಬೆರಳೆತ್ತಿದರು, ಇವರೂ ಎತ್ತಿದರು.

"ಕಂಬೈನ್ ಯಂತ್ರದ ಭಾಗ ಏನೋ ತರೋಕೆ ಹೊರಟಿದ್ದಾನೆ ಅಂದ್ಕೊಂಡೆ. ಕೊಯ್ಲಲ್ಲಿ ಇನ್ನೇನಕ್ಕೆ ಹೋಗ್ತಾರೆ? ಅವನ ಇನ್ನೊಂದು ಕೈ ಎಲ್ಲಿತ್ತು ಅಂತ ನೋಡ್ಲಿಲ್ಲ" ಎನ್ನುತ್ತಾರೆ ಆರ್ಡಿಸ್. "ನಾನು ಎದ್ದಿರೋದು ಅವನಿಗೆ ಕಾಣ್ತಲ್ಲ. ನಿಲ್ಲಿಸಬಹುದಿತ್ತು. ನಿಲ್ಲಿಸ್ಲಿಲ್ಲ. ನನ್ನ ಕೈಯಲ್ಲಿ ಕೆಲಸ ಇದೆ ಅಂತ ಇರಬೇಕು."

ಹೆದ್ದಾರಿ ಸೇರುವ ಜಲ್ಲಿ ರಸ್ತೆಯಲ್ಲಿ ಒಂಬತ್ತು ಮೈಲಿ ಹೋದ ಮೇಲೆ, ಧಾನ್ಯದ ಲಾರಿಗಳಿಗೆ ಅಡ್ಡಿಯಾಗದಂತೆ, ಹೊಲಕ್ಕಿಳಿಯುವ ದಾರಿಗೆ ಗಾಡಿ ತಿರುಗಿಸಿ ನಿಲ್ಲಿಸಿಕೊಂಡಿದ್ದರು ಎಲ್ರಾಯ್. ಇಂಡಿಕೇಟರ್ ಕೂಡ ಹಾಕಿದ್ದರು. ಎಷ್ಟು ಲಾರಿಗಳು ಹಾದುಹೋದವೋ ತಿಳಿಯದು. ಹೋದವರೆಲ್ಲ ಬೆರಳೆತ್ತಿಯೇ ಹೋದರು.

ಅವರನ್ನು ಕಂಡವರು ಗೇಲನ್ ಟ್ವೆಟ್. ಕೌಂಟಿಯ ಜಲ್ಲಿ ರಸ್ತೆಗಳನ್ನು ಯಂತ್ರದಿಂದ ಹೆರೆದು ಮಟ್ಟ ಮಾಡುವುದು ಅವರ ಕೆಲಸ. ಒಂದು ಮಗ್ಗುಲು ಹೆರೆಯುತ್ತ ಹೋಗಿ, ಇನ್ನೊಂದು ಮಗ್ಗುಲಲ್ಲಿ ಮರಳುತ್ತಾರೆ. "ಹೋಗುವಾಗ ನಾನೂ ಬೆರಳೆತ್ತಿದೆ" ಎನ್ನುತ್ತಾರೆ. "ತಲೆ ತಗ್ಗಿಸಿದ್ದ, ಫೋನ್ ನೋಡ್ತಿದ್ದಾನೆ ಅಂದ್ಕೊಂಡೆ. ತಿರುಗಿ ಬರೋವಾಗಲೂ ಇಂಡಿಕೇಟರ್ ಹೊಡ್ಕೋತಾನೇ ಇತ್ತು." ಆ ಜಾಗ ಹೆರೆಯುವಾಗ ಈಗಲೂ ಯಂತ್ರದ ವೇಗ ತಾನಾಗಿಯೇ ತಗ್ಗುತ್ತದೆಂದು ಹೇಳುತ್ತಾರೆ.

ಮಣ್ಣು ಮಾಡಿದ ಮರುವಾರ ಮಾರ್ಸೆಲ್ಲಾ ಕುಗೆನ್ ತಟ್ಟೆ ಹಿಡಿದು ಶೆಡ್ಡಿಗೆ ಬಂದರು. ಅವರ ಗಂಡ ಕೊಡದೇ ಹೋದ ತೊಂದರೆಗೆ ಕ್ಷಮೆ ಕೇಳಲು ಏನೂ ಇರಲಿಲ್ಲ. ಆದರೂ ತಂದರು. ಆರ್ಡಿಸ್ ಅದನ್ನು ತಿನ್ನಲಾರದೆ, ಎಸೆಯಲಾರದೆ ಶೆಡ್ಡಿನ ಫ್ರಿಜ್ಜಿನ ಮಂಜಿನ ಖಾನೆಯಲ್ಲಿಟ್ಟರು. ಅದು ಇನ್ನೂ ಅಲ್ಲೇ ಇದೆ. ಮಾರನೆಯ ಬೆಳಿಗ್ಗೆಯಿಂದ ಅವರು ರಸ್ತೆಗೆ ಬಂದು ನಿಲ್ಲತೊಡಗಿದರು.

ಗೇಲನ್ ಊರು ಬಿಡುವುದಕ್ಕೆ ಕಾರಣವೂ ಆ ಎಪ್ಪತ್ತು ಮೈಲಿಯೇ. ಹೆಂಡತಿಯ ಮೂತ್ರಪಿಂಡ ಕೆಟ್ಟಿದೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಹಿಮ ಬಿದ್ದ ಮೇಲೆ ಆ ದಾರಿ ನಂಬುವಂತಿಲ್ಲ. ಆಸ್ಪತ್ರೆಯ ಪಕ್ಕದಲ್ಲೇ ಮನೆ ಹಿಡಿದಿದ್ದಾರೆ.

"ನನ್ನ ಬಿಟ್ಟು ಓಡ್ತಿದ್ದೀಯ, ನಾರ್ವೆಯವನೇ" ಎಂದು ಆರ್ಡಿಸ್ ಛೇಡಿಸುತ್ತಾರೆ.

"ನಿನ್ನ ಕಾಫಿ ಕುಡಿದೂ ಇಷ್ಟು ವರ್ಷ ಬದುಕಿದ್ದೀನಲ್ಲ, ಇನ್ನು ಸಾಕು" ಎನ್ನುತ್ತಾರೆ ಗೇಲನ್. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾರೆ.

ಸೆಪ್ಟೆಂಬರಿನಲ್ಲಿ ಆರ್ಡಿಸ್ ಎರಡೂ ಚರ್ಚುಗಳಲ್ಲಿ ಎದ್ದು ನಿಂತು ಕೇಳಿದರು: ಓಡಿಸಲು ಒಬ್ಬರು ಬೇಕು, ಎದೆ ಒತ್ತಿ ಉಸಿರು ಮರಳಿಸುವ ಒಂದು ದಿನದ ಪಾಠ ಕಲಿತರೆ ಸಾಕು. ಜನ ತಲೆಯಾಡಿಸಿದರು. ಪಾಠದ ದಿನ ಊರ ಸಭಾಂಗಣದಲ್ಲಿ ನಲವತ್ತು ಕುರ್ಚಿ ಹಾಕಿ ಕಾದರು. ಬಂದವರು ಒಬ್ಬರೇ, ಮಾರ್ಸೆಲ್ಲಾ ಕೆಸೆಲ್.

"ಮೊಣಕಾಲು ಹೋಗಿದೆ, ನೆಲಕ್ಕೆ ಕೂರೋಕೆ ಆಗಲ್ಲ. ಎದೆ ಒತ್ತಿ ಕಲಿಯೋ ಬೊಂಬೆನ ಮೇಜಿನ ಮೇಲಿಟ್ರು" ಎಂದು ಮಾರ್ಸೆಲ್ಲಾ ನೆನೆಯುತ್ತಾರೆ. "ಒತ್ತಿ ಒತ್ತಿ ಕೈ ಬಿದ್ದುಹೋಯ್ತು. 'ಸಾಕು ಬಿಡೇ, ನೀನು ಪಾಸು' ಅಂದ್ಲು ಆರ್ಡಿಸ್. ನನಗೆ ಬಿಡೋಕೆ ಮನಸ್ಸಾಗ್ಲಿಲ್ಲ. ಆ ದಿನ ಬುತ್ತಿ ಕಟ್ಟಿದ ಕೈ ಅಲ್ವಾ ಇದು."

ಐವತ್ತು ವರ್ಷ ಧಾನ್ಯದ ಲಾರಿ ಓಡಿಸಿದ ಮಾರ್ಸೆಲ್ಲಾಗೆ ಆಂಬ್ಯುಲೆನ್ಸ್ ಆಟಿಕೆಯಂತೆ. ಎರಡು ವಾರ ಇಬ್ಬರೂ ಖಾಲಿ ಗಾಡಿಯಲ್ಲಿ ಕೌಂಟಿಯನ್ನೆಲ್ಲ ಸುತ್ತಿದರು. ಸೀಟು ತುಂಬಿತೆಂದು ಊರು ನೆಮ್ಮದಿಯ ಉಸಿರು ಬಿಟ್ಟಿತು. ಕಳೆದ ಸೋಮವಾರ ಆಂಬ್ಯುಲೆನ್ಸಿನ ವಿಮೆ ಕಂಪನಿಯಿಂದ ಉತ್ತರ ಬಂತು: ಎಪ್ಪತ್ತು ದಾಟಿದವರು ಓಡಿಸುವಂತಿಲ್ಲ. ಮರುಮಾತಿಗೆ ಎಡೆಯಿಲ್ಲ. ಉಳಿದಿರುವುದು ಇದೊಂದೇ ವಾರ, ಸೀಟು ಖಾಲಿ.

ಮಾರ್ಸೆಲ್ಲಾ ಈಗಲೂ ಬೆಳಿಗ್ಗೆ ಶೆಡ್ಡಿಗೆ ಬರುತ್ತಾರೆ. ರಸ್ತೆಯ ಪಕ್ಕದಲ್ಲಿ ಇಬ್ಬರೂ ಲೋಟ ಹಿಡಿದು ನಿಲ್ಲುತ್ತಾರೆ. ಸೂರ್ಯಕಾಂತಿ ಕೊಯ್ಲಿನ ಭರಾಟೆ ಇದ್ದರೂ ಈ ರಸ್ತೆಯಲ್ಲಿ ಗಾಡಿಗಳು ಕಡಿಮೆಯಾಗಿವೆ. ಕಾರಣ ಇಬ್ಬರಿಗೂ ಗೊತ್ತು. ಅತ್ತ ಕಣಜದ ಹಿಂದಿನ ಮಣ್ಣುದಾರಿಯ ಮೇಲೆ ಧೂಳಿನ ಬಾಲವೊಂದು ಎದ್ದು, ಊರನ್ನು ಬಳಸಿಕೊಂಡು ಹೆದ್ದಾರಿಯ ಕಡೆ ಸಾಗುತ್ತಿದೆ. ಅದರ ಹಿಂದೆಯೇ ಇನ್ನೊಂದು.

"ಇವಳ ಕಾಟ ತಪ್ಪಿಸ್ಕೊಳ್ಳೋಕೆ ಅಲ್ಲಿಂದ ಹೋಗ್ತಾರೆ" ಎನ್ನುತ್ತಾರೆ ಮಾರ್ಸೆಲ್ಲಾ.

"ಕಾಟ ಅಂತಲ್ಲ ಕಣೇ. ಬೆಳಿಗ್ಗೆ ಬೆಳಿಗ್ಗೆ ನನ್ನ ಚಳೀಲಿ ನಿಲ್ಲಿಸಬಾರದು ಅಂತ." ಆರ್ಡಿಸ್ ಧೂಳನ್ನೇ ದಿಟ್ಟಿಸುತ್ತಾರೆ. ಅಷ್ಟು ದೂರದಿಂದ ಗಾಡಿ ಯಾರದೆಂದು ತಿಳಿಯುವುದಿಲ್ಲ. ಒಳಗಿರುವವನ ಮುಖದ ಮಾತಂತೂ ದೂರ ಉಳಿಯಿತು.

ಬೀಗ ಬಿದ್ದ ಮೇಲೆ ಏನು ಮಾಡುವಿರೆಂದು ಕೇಳಿದರೆ ಭುಜ ಹಾರಿಸುತ್ತಾರೆ. ಲಾರಿ ತೂಗುವುದು ಇದ್ದೇ ಇದೆ. ಸ್ವಂತದ ಕಾರಿದೆ, ಹಿಂದಿನ ಸೀಟಿನಲ್ಲಿ ಒಬ್ಬರು ಮಲಗಬಹುದು. ಆದರೆ ಆಮ್ಲಜನಕವಿಲ್ಲ, ಒಯ್ಯುವ ಅಧಿಕಾರವೂ ಇಲ್ಲ. ಪತ್ರಿಕೆಗೆಂದು ಒಂದೇ ಮಾತು ಹೇಳುತ್ತಾರೆ, ಅದನ್ನೂ ಧೂಳಿನ ಕಡೆ ನೋಡುತ್ತಲೇ.

"ನನ್ನ ಬಗ್ಗೆ ಜಾಸ್ತಿ ಏನೂ ಬೇಡ. ಆರ್ಡಿಸ್ ಮಲಗಿಲ್ಲ ಅಂತ ಬರೀರಿ. ಅಷ್ಟೇ ಸಾಕು."