ಕೊಡದೇ ಉಳಿದ ಉಗುಳು

ದಿನಕ್ಕೆ ಇಪ್ಪತ್ತು ಸಲ ರಸ್ತೆಗೆ ಉಗುಳುವ ಮನುಷ್ಯ ವಿಜ್ಞಾನಕ್ಕಾಗಿ ಒಂದು ಸಲ ಉಗುಳಲಿಲ್ಲ. ತಪ್ಪು ಅವನದಲ್ಲ. ಬೇಡವೆಂದವನು ನಾನು.

ಗೆಳೆಯ ಶಿವಾನಂದನಿಗೆ ಗೋಕುಲ ರಸ್ತೆಯಲ್ಲಿ ಪೈಪು, ನಲ್ಲಿಗಳ ಅಂಗಡಿ. ಬಾಯಲ್ಲಿ ಸದಾ ಎಲೆ, ಅಡಿಕೆ, ತಂಬಾಕು. ಕಳೆದ ವರ್ಷ ನನ್ನ ಅಕ್ಕನ ಮಗಳು ಸವಿತಾ (ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ) ಅಂಥವರನ್ನೇ ಹುಡುಕಿಕೊಂಡು ಬಂದಳು.

“ನಮ್ಮ ಜೀವಕೋಶದಾಗ ಪ್ರೋಟೀನ್ ಮಾಡದ ಆರ್‌ಎನ್‌ಎ ಇರ್ತಾವ್ರಿ ಕಾಕಾ,” ಎಂದು ಅವನಿಗೆ ವಿವರಿಸಿದಳು. “ಮೊದ್ಲ ಅವು ಕೆಲಸಕ್ಕ ಬಾರದವು ಅಂತಿದ್ರು. ಖರೇ ಅಂದ್ರ, ಯಾವ ಜೀನ್ ದುಡೀಬೇಕು, ಯಾವುದು ಸುಮ್ನಿರಬೇಕು ಅಂತ ಹೇಳೋರಾಗ ಅವೂ ಅದಾವ. ಕ್ಯಾನ್ಸರ್ ಶುರುವಾದ್ರ ಅವು ಏರುಪೇರು ಆಗ್ತಾವ. ಉಗುಳಿನಾಗ ಅದನ್ನ ಲಗೂ ಹಿಡೀಬಹುದೇನು ಅಂತ ನೋಡಾಕತ್ತೇವಿ. ಮುಂದ ಔಷಧಕ್ಕೂ ದಾರಿ ಆದೀತು. ಆಸ್ಪತ್ರಿಗೆ ಬಂದು, ಈ ಫಾರ್ಮಿಗೆ ಸಹಿ ಮಾಡಿ, ಒಂದು ಟ್ಯೂಬಿನಾಗ ಉಗುಳಿ ಕೊಡ್ರಿ. ಅಲ್ಲೇ ಡಾಕ್ಟರ್ ನಿಮ್ಮ ಬಾಯಿನೂ ನೋಡ್ತಾರ.”

ಶಿವಾನಂದ ನಕ್ಕ. “ಉಗಳೋದ್ರಾಗ ನನ್ನ ಮೀರಿಸೋರು ಯಾರದಾರವಾ? ಸೋಮವಾರ ಬರ್ತೇನಿ.”

ಅವಳು ಹೋದ ಮೇಲೆ ನನ್ನ ಬುದ್ಧಿ ಓಡಿತು. “ಮಗಳಿಗೆ ವರ ನೋಡಾಕತ್ತಿ. ಕ್ಯಾನ್ಸರ್ ಅಂತ ಬರೆದ ಫಾರ್ಮಿಗೆ ಸಹಿ ಮಾಡ್ತೀಯೇನು? ಬೀಗರ ಕಿವಿಗೆ ಬಿದ್ರ, ಮನಿತನದಾಗ ಬ್ಯಾನಿ ಐತಿ ಅಂತಾರ. ಮದುವಿ ಮುಗೀಲಿ.” (ಹೆಸರು ಗುಟ್ಟಾಗಿಡುತ್ತೇವೆಂದು ಆ ಫಾರ್ಮಿನಲ್ಲೇ ಇತ್ತು. ಓದುವ ಪುರುಸೊತ್ತು ಯಾರಿಗಿತ್ತು?) ಅವನು ಹೂಂ ಅಂದ.

ಮದುವೆ ಚೆನ್ನಾಗಿಯೇ ಆಯಿತು. ಪಂಕ್ತಿಯಲ್ಲಿ ಶಿವಾನಂದ ಅನ್ನ ಕಲಸಿ ಹಾಗೇ ಕೂತಿದ್ದ. ಬಾಯಿ ಉರಿಯುತ್ತದೆ ಎಂದ. “ಬೀಗರ ಮುಂದ ನಾಚಿಕಿಯೇನೋ?” ಎಂದು ಚೇಷ್ಟೆ ಮಾಡಿದೆ.

ಹುಣ್ಣು ಮಾಯಲಿಲ್ಲ. ಪರೀಕ್ಷೆ, ಆಪರೇಷನ್. ಈಗ ಅವನ ಎಡ ದವಡೆ ಅರ್ಧ ಇಲ್ಲ.

ಮೊನ್ನೆ ಅವನನ್ನು ನೋಡಲು ಹೋದಾಗ ವಿದ್ಯಾನಗರದ ಆಸ್ಪತ್ರೆಯಲ್ಲಿ ಸವಿತಾ ಸಿಕ್ಕಳು. “ಅವತ್ತ ಉಗುಳು ಕೊಟ್ಟಿದ್ರ ಗೊತ್ತಾಗ್ತಿತ್ತೇನವಾ?” ಎಂದು ಕೇಳಿದೆ.

“ಅದಿನ್ನೂ ಸಂಶೋಧನಾದಾಗ ಐತಿ ಮಾಮಾ, ಹೇಳಾಕ ಬರಂಗಿಲ್ಲ,” ಎಂದಳು. “ಆದ್ರ ಅವತ್ತ ಡಾಕ್ಟರ್ ಬಾಯಿ ನೋಡ್ತಿದ್ರಲ್ಲ.”

ಅಷ್ಟರಲ್ಲಿ ಶಿವಾನಂದನ ಮಗಳ ಮಾವ ಬಂದರು. ನಾನು ಹೆದರಿದ್ದ ಅದೇ ಬೀಗರು. ಶಿವಾನಂದನ ಮೂಗಿನ ನಳಿಕೆಯಲ್ಲಿ ಹಾಕಲು ಉಣಕಲ್‌ನ ಮನೆಯಿಂದ ದಿನಾ ತಿಳಿಗಂಜಿ ತರುತ್ತಾರಂತೆ. “ಮೊದ್ಲ ಗೊತ್ತಾಗಿದ್ರ ನಾವ ಕರ್ಕೊಂಡು ಹೋಗ್ತಿದ್ವಿರಿ,” ಎಂದರು ಮೆಲ್ಲಗೆ.

ನಾಲ್ಕು ಮಂದಿ ಏನಂದಾರು ಎಂದು ಗೆಳೆಯನನ್ನು ಅಂಜಿಸಿದೆ, ಅಂದವನು ನಾನೊಬ್ಬನೇ.