ಗುರುವಾರದವರೆಗೆ ಕಾಯುವ ಕಾಯಿದೆ

ಈ ಶತಮಾನದ ಆರಂಭದಲ್ಲಿ ಹಾಸನದಲ್ಲಿ ಕೂತು ನಾನೊಂದು ಇ-ಮೇಲ್ ಗುಂಪು ನಡೆಸುತ್ತಿದ್ದೆ. ವಿಷಯ, ನಮ್ಮ ಸೀಮೆಯ ಹಳೆಯ ಕಲ್ಲು, ಕೆರೆ, ಗುಡಿ. ಸದಸ್ಯರು ಬೆರಳೆಣಿಕೆಯಷ್ಟು, ಗಾಂಭೀರ್ಯ ಮಾತ್ರ ವಿಧಾನಸಭೆಗೂ ಸಾಲ ಕೊಡುವಷ್ಟಿತ್ತು.

ನಮ್ಮದೊಂದೇ ಕಾಯಿದೆ: ಯಾರು ಏನೇ ಕೇಳಲಿ, ವಯಸ್ಸಿನಲ್ಲಿ ಹಿರಿಯರು ಮೊದಲು ಉತ್ತರಿಸಬೇಕು. ಆ ಹಿರಿಯರು ಹೊಳೆನರಸೀಪುರದ ನಿವೃತ್ತ ಮೇಷ್ಟ್ರು, ನನಗೂ ಪಾಠ ಹೇಳಿದವರು. ಅವರು ಬ್ರೌಸಿಂಗ್ ಸೆಂಟರಿಗೆ ಹೋಗುತ್ತಿದ್ದುದು ಗುರುವಾರ ಮಾತ್ರ. ಹೀಗಾಗಿ ಶುಕ್ರವಾರ ಹುಟ್ಟಿದ ಪ್ರಶ್ನೆ ವಾರವಿಡೀ ಕೈಕಟ್ಟಿ ನಿಂತಿರುತ್ತಿತ್ತು. ಅವರು ಬರೆದ ಮೇಲೆ ನಾವೆಲ್ಲ 'ತಾವು ಹೇಳಿದ್ದೇ ಸರಿ' ಎಂದು ಸರದಿಯಂತೆ ಬರೆದು ಚರ್ಚೆಗೆ ಮಂಗಳ ಹಾಡುತ್ತಿದ್ದೆವು.

ಅಷ್ಟರಲ್ಲಿ ಚನ್ನರಾಯಪಟ್ಟಣದ ಕಾಲೇಜೊಂದಕ್ಕೆ ಇಂಟರ್ನೆಟ್ ಬಂತು. ವಿದ್ಯಾರ್ಥಿಗಳು ದಂಡುದಂಡಾಗಿ ನಮ್ಮ ಗುಂಪಿಗೆ ನುಗ್ಗಿದರು. ನಮಸ್ಕಾರದ ಜಾಗದಲ್ಲಿ 'ಹಾಯ್'. ಕನ್ನಡವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಅವರಲ್ಲೊಬ್ಬ ಕಟ್ಟಾಯ ಎಂಬ ಊರಿನ ಹೊಲದ ಬದುವಿನ ಕಲ್ಲೊಂದರ ಫೋಟೋ ಹಾಕಿ, ಇದೇನೆಂದು ಕೇಳಿದ. ಗುರುವಾರ ಇನ್ನೂ ದೂರವಿತ್ತು. ಸಂಜೆಯೊಳಗೆ ಉತ್ತರಗಳು ಬಂದು ಬಿದ್ದವು. ವೀರಗಲ್ಲು ಎಂದಳೊಬ್ಬಳು, ಗಡಿಕಲ್ಲು ಎಂದನೊಬ್ಬ. ಅರಕಲಗೂಡು ಕಡೆಯವನೊಬ್ಬ, 'ನಮ್ಮಜ್ಜಿ ಇಂತಾದ್ರ ಮೇಲೇ ಬಟ್ಟೆ ಒಗೀತಿದ್ಲು ಕಣ್ಲಾ' ಎಂದು ಬರೆದ.

ಮೇಷ್ಟ್ರು ನೊಂದುಕೊಂಡು ಗುಂಪು ಬಿಟ್ಟರೆ ಗತಿಯೇನು? ಗುರುವಾರವೂ ಅವರಿಂದ ಒಂದಕ್ಷರ ಬರಲಿಲ್ಲ. ಹಿರಿಯರಿಗಿಂತ ಮೊದಲು ಬಾಯಿ ಹಾಕುವವರನ್ನು ಹೊರಹಾಕಲಾಗುವುದೆಂದು ರಾಜಾಜ್ಞೆಯ ಧಾಟಿಯಲ್ಲಿ ಬರೆದುಕೊಂಡು, ಅವರ ಒಪ್ಪಿಗೆಗಾಗಿ ಹೊಳೆನರಸೀಪುರದ ಬಸ್ಸು ಹತ್ತಿದೆ.

ಮೇಷ್ಟ್ರು ಅದನ್ನು ಪೂರ್ತಿ ಓದಿ, ಮಡಿಸಿ, ಅದರಿಂದಲೇ ಗಾಳಿ ಬೀಸಿಕೊಂಡರು.

"ನೀವೆಲ್ಲ ಸೇರಿ ನನ್ನೊಬ್ಬನನ್ನೇ ಮೊದಲ ಪಂಕ್ತಿಗೆ ಕೂರಿಸ್ಬಿಟ್ಟಿರಿ ಕಣಯ್ಯಾ. ನೀವು ಎಲೆ ಮುಂದೆ ಕೂರೋ ಹೊತ್ತಿಗೆ ನಾನು ಕೈ ತೊಳ್ದು ಆಗಿರ್ತಿತ್ತು. ಜಗಳ ಆಡೋಣ ಅಂದ್ರೆ ಒಬ್ರೂ ಇಲ್ಲ. ಗೊತ್ತಿಲ್ಲದ್ದಕ್ಕೂ ಗೊತ್ತಿರೋ ಹಂಗೆ ಬರೀಬೇಕು."

ಹಾಗಾದರೆ ಈ ಸಲ ಯಾಕೆ ಬರೆಯಲಿಲ್ಲ ಎಂದೆ. ಗುರುವಾರ ಹುಡುಗರ ಉತ್ತರಗಳನ್ನು ಓದುತ್ತಾ ಕೂತವರಿಗೆ ನಗು ಬಂದು, ಹೊತ್ತು ಹೋದದ್ದೇ ತಿಳಿಯಲಿಲ್ಲವಂತೆ.

"ಆ ಬಟ್ಟೆ ಒಗೆಯೋ ಕಲ್ಲಿನವನನ್ನ ಮಾತ್ರ ಓಡಿಸಬೇಡ. ಅವನ ಹತ್ರ ನಂಗೆ ಮಾತಿದೆ."

ರಾಜಾಜ್ಞೆ ಮೇಷ್ಟ್ರ ಕೈಯಲ್ಲಿ ಬೀಸಣಿಗೆಯಾಗಿಯೇ ಉಳಿಯಿತು. ಗುರುವಾರಕ್ಕೆ ಕಾಯದೆ ಸೋಮವಾರವೇ ಅವರ ಪತ್ರ ಬಂತು: 'ಹಾಯ್. ನಿಮ್ಮೆಲ್ಲರ ಉತ್ತರವೂ ತಪ್ಪು.' ಅದರ ಬೆನ್ನಿಗೇ ಒಗೆಯುವ ಕಲ್ಲಿನವನದು: 'ಎಂಗೆ ಸಾ?'

ಆ ವಾರ ಮೇಷ್ಟ್ರು ದಿನವೂ ಬ್ರೌಸಿಂಗ್ ಸೆಂಟರಿಗೆ ಹೋದರು.