ಉತ್ತರವಿಲ್ಲದ ಲೆಕ್ಕಕ್ಕೆ ಹತ್ತು ಅಂಕ

1978ರಲ್ಲಿ ನಾನು ಹೊನ್ನಾವರದ ಕಾಲೇಜೊಂದರಲ್ಲಿ ಗಣಿತ ವಿಭಾಗದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದರೆ ದೊಡ್ಡ ಸಂಗತಿಯೇನಲ್ಲ. ವಿಭಾಗದಲ್ಲಿದ್ದವರೇ ನಾನು ಮತ್ತು ಹೆಗಡೆ ಮಾಸ್ತರು, ಇಬ್ಬರು. ಆ ವರ್ಷ ಧಾರವಾಡದಲ್ಲಿ ಎಂ.ಎಸ್ಸಿ. ಓದುವ ವಿದ್ಯಾರ್ಥಿವೇತನಕ್ಕೆ ಕಾಲೇಜಿನಿಂದ ಒಂದೇ ಹೆಸರು ಕಳಿಸಬೇಕಿತ್ತು. ಅದಕ್ಕೆಂದು ಪರೀಕ್ಷೆ ಇಟ್ಟೆವು. ಕರ್ಕಿಯ ಸುಲೋಚನಾ ಮೇಸ್ತಳಿಗೆ ಹೆಸರು ಬಂದರೆ ಧಾರವಾಡ, ಬಾರದಿದ್ದರೆ ಕುಮಟೆಯಲ್ಲಿ ಟೈಪಿಂಗ್ ಕ್ಲಾಸು. ಮೀನು ವ್ಯಾಪಾರದ ಅವಳಪ್ಪ ಹಾಗೆಂದು ನನಗೇ ಹೇಳಿಹೋಗಿದ್ದರು.

ಪ್ರಶ್ನೆ ತೆಗೆದವರು ಹೆಗಡೆಯವರು. ಕೊನೆಯದು ಫಂಕ್ಷನಲ್ ಈಕ್ವೇಶನ್; ಅಂದರೆ ಹುಡುಕಬೇಕಾದದ್ದು ಒಂದು ಸಂಖ್ಯೆಯನ್ನಲ್ಲ, ಇಡೀ ಫಂಕ್ಷನ್ನನ್ನು: f(x) + f(1−x) = x. ಸುಲೋಚನಾ ‘ಇಂಥ ಫಂಕ್ಷನ್ ಇಲ್ಲ’ ಎಂದು ಒಂದೇ ಸಾಲು ಬರೆದಿದ್ದಳು. ಹೆಗಡೆಯವರು ಸೊನ್ನೆ ಸುತ್ತಿದ್ದರು. x − 1/3 ಎಂದು ಬರೆದ ಹುಡುಗನೊಬ್ಬನಿಗೆ ಹತ್ತಕ್ಕೆ ಹತ್ತು. ಆ ಹತ್ತರಿಂದಲೇ ಅವನು ಅವಳನ್ನು ಹಿಂದೆ ಹಾಕಿದ್ದ.

ಚುರುಕಾದ ಹುಡುಗಿ ಹಾಗೇಕೆ ಬರೆದಳು? ನನಗೆ ತಡೆಯಲಾಗಲಿಲ್ಲ, ಕರೆಸಿದೆ.

“ಉತ್ತರ ಇಲ್ಲದ ಪ್ರಶ್ನೆ ನಾನು ಕೊಡ್ತೇನಾ ಮಾರಾಯ್ರೆ!” ಹೆಗಡೆಯವರು ಸಿಡುಕಿದರು.

ಸುಲೋಚನಾ ಬೋರ್ಡಿನ ಹತ್ತಿರ ಹೋದಳು. “x ಜಾಗದಲ್ಲಿ ಸೊನ್ನೆ ಇಟ್ರೆ f(0), f(1) ಕೂಡಿ ಸೊನ್ನೆ ಸರ್. ಒಂದು ಇಟ್ರೆ ಅವೆರಡೇ ಕೂಡಿ ಒಂದು. ಎರಡೂ ಹ್ಯಾಂಗೆ ಆಗ್ತದೆ?”

ಹೆಗಡೆಯವರ ಕೈ ಹಣೆಗೆ ಹೋಯಿತು. ಗೈಡಿನಲ್ಲಿದ್ದದ್ದು 2f(x) + f(1−x) = x. ಬಾಯಿಪಾಠದವರು ಸಿಕ್ಕಿಬೀಳಲಿ ಎಂದು ಇವರು ಆ ಎರಡನ್ನು ತೆಗೆದು ಹೊಸ ಲೆಕ್ಕ ಮಾಡಿದ್ದರು. ಉತ್ತರ ಮಾತ್ರ ಹಳೆಯದೇ ಉಳಿದಿತ್ತು. ಬಾಯಿಪಾಠದವನಿಗೆ ಹತ್ತು, ಯೋಚಿಸಿದವಳಿಗೆ ಸೊನ್ನೆ! ನಾನು ನಕ್ಕೆ. ಅವರು ನಗಲಿಲ್ಲ.

“ಎರಡಿದ್ರೆ ಬರ್ತದೆ, ಒಂದಿದ್ರೆ ಬರೂದಿಲ್ಲ. ಅದೆಂತಕ್ಕೆ?” ಎಂದು ಅವಳನ್ನೇ ಕೇಳಿದರು.

ಫಂಕ್ಷನ್‌ಗಳನ್ನು ಕೂಡಿಸಬಹುದು, ಸಂಖ್ಯೆಯಿಂದ ಗುಣಿಸಬಹುದು ಎಂದು ಅವಳು ಶುರುಮಾಡಿದಳು. ಹಾಗಾಗಿ ಅವೆಲ್ಲ ಸೇರಿ ಒಂದು ವೆಕ್ಟರ್ ಸ್ಪೇಸ್. ಅಲ್ಲಿ x ಇದ್ದಲ್ಲೆಲ್ಲ 1−x ಇಡುವ ಕೆಲಸಕ್ಕೆ ಅವಳು T ಎಂದು ಹೆಸರಿಟ್ಟಳು. ಇದೊಂದು ಲೀನಿಯರ್ ಆಪರೇಟರ್, ಅಂದರೆ ಕೂಡಿದ್ದನ್ನೂ ಗುಣಿಸಿದ್ದನ್ನೂ ಕೆಡಿಸದ ಕ್ರಿಯೆ. ಅಂಗಿಯನ್ನು ಎರಡು ಸಲ ಒಳಹೊರಗು ಮಾಡಿದರೆ ಮೊದಲಿನಂತಾಗುವುದಿಲ್ಲವೇ, T ಎರಡು ಸಲ ಮಾಡಿದರೂ ಅಷ್ಟೇ. ಗೈಡಿನ ಲೆಕ್ಕ (2+T)f = x. ಎರಡೂ ಕಡೆಗೆ (2−T) ಹಚ್ಚಿದರೆ ಎಡಗಡೆ 4−T²; T ಎರಡು ಸಲವೆಂದರೆ 1, ಹಾಗಾಗಿ 4−1, ಅಂದರೆ 3f, ಬಲಗಡೆ 3x−1. ಉತ್ತರ ಬಂತು. ನಮ್ಮ ಲೆಕ್ಕ (1+T)f = x. (1−T) ಹಚ್ಚಿದರೆ ಎಡಗಡೆ 1−1, ಸೊನ್ನೆ, ಬಲಗಡೆ 2x−1. f ಯಾವುದೇ ಇರಲಿ, ಇವೆರಡು ಸಮವಾಗುವುದಿಲ್ಲ.

“ಆ ಎರಡರ ಜಾಗದಲ್ಲಿ ಒಂದು ಬಿಟ್ಟು ಮತ್ತೆ ಯಾವ ಸಂಖ್ಯೆ ಇಟ್ರೆ ಕೆಡ್ತದೆ?” ಹೆಗಡೆಯವರು ಕುರ್ಚಿಯಿಂದ ಎದ್ದಿದ್ದರು.

“ಮೈನಸ್ ಒಂದಕ್ಕೆ. ಬೇರೆ ಎಲ್ಲದಕ್ಕೂ ಬರ್ತದೆ ಸರ್.”

ಮೂವರೂ ಬೇರೆ ಬೇರೆ ಸಂಖ್ಯೆ ಇಟ್ಟು ನೋಡಿದೆವು. ತಂದಿಟ್ಟ ಚಹಾ ಆರಿಹೋಯಿತು.

“ಆತು,” ಎಂದು ಹೆಗಡೆಯವರು ಸೊನ್ನೆ ಹೊಡೆದುಹಾಕಿ ಅವಳಿಗೆ ಹತ್ತು ಕೊಟ್ಟರು. ಹುಡುಗನ ಹತ್ತು ಹೋಯಿತು. ಧಾರವಾಡಕ್ಕೆ ಹೋಗುವ ಹೆಸರನ್ನೂ ತಾವೇ ಬರೆದರು. ಅವರ ಮೇಲೆ ನನಗೆ ಆ ದಿನ ಹುಟ್ಟಿದ ಗೌರವ ಕಡಿಮೆಯಾಗಲೇ ಇಲ್ಲ.

ಉತ್ತರ ಹುಡುಕುವ ಮೊದಲು ಉತ್ತರ ಇದೆಯೇ ಎಂದು ಕೇಳಬೇಕೆಂದು ಮಾಸ್ತರ ಕೆಲಸ ನನಗೆ ಕಲಿಸಿತು. ಮುಂದೆ ನಾನು ಬಿಡಿಸಿ ನೋಡದೆ ಒಂದು ಪ್ರಶ್ನೆಯನ್ನೂ ಅಚ್ಚಿಗೆ ಕಳಿಸಲಿಲ್ಲ. ಸುಲೋಚನಾಗೆ ಈ ಪಾಠ ಬೇಕಿರಲಿಲ್ಲ. ಅವತ್ತು ಬಾಗಿಲ ತನಕ ಹೋದವಳು ತಿರುಗಿ ನಿಂತು ಕೇಳಿದಳು: “ಸರ್, ಉತ್ತರ ಇಲ್ಲದ ಲೆಕ್ಕ ನಿಮ್ಮ ಹತ್ರ ಇನ್ನೂ ಇದ್ಯಾ?”

“ಹೋಗು ಮಾರಾಯ್ತಿ,” ಎಂದರು ಹೆಗಡೆ ಮಾಸ್ತರು, “ಧಾರವಾಡದಲ್ಲಿ ರಾಶಿ ಸಿಕ್ತದೆ!”